ಹಳ್ಳದಲ್ಲಿ ನಿಂತು ಕಾಲು ಎಣಿಸೋ ಕೆಲಸ

ಹೋದ ಭಾನುವಾರ ಬೆಳಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಮೂರು ಗಂಟೆ ತನಕ ನಾನು ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್‌ನ ಒಂದು ಹಳ್ಳದಲ್ಲಿ ನಿಂತಿದ್ದೆ. ಕಾಲಿಗೆ ಗಂಬೂಟು, ಕೈಯಲ್ಲಿ ಕ್ಲಿಪ್‌ಬೋರ್ಡು, ಆ ಬೋರ್ಡನ್ನ ದೊಡ್ಡ ಪ್ಲಾಸ್ಟಿಕ್ ಕವರ್ ಒಳಗಿಟ್ಟು ಕೈನೂ ಕವರ್ ಒಳಗೇ ತೂರಿಸ್ಕೊಂಡು ಪೆನ್ಸಿಲ್‌ನಲ್ಲಿ ಬರೀತಾ ಇದ್ದೆ, ಯಾಕಂದ್ರೆ ಮಳೇಲಿ ಬಾಲ್ ಪೆನ್ ಬರೆಯಲ್ಲ, ಇಂಕ್ ಪೆನ್ನಿನ ಅಕ್ಷರ ಐದು ನಿಮಿಷಕ್ಕೆ ಹರಡಿ ನೀಲಿ ಮಚ್ಚೆ ಆಗೋಗುತ್ತೆ. 64 ಜನ ರೈಡರ್‌ಗಳು, ನಾಲ್ಕು ಸುತ್ತು, ಅಂದ್ರೆ 256 ಸಲ ಒಂದೊಂದು ಬೈಕು ನನ್ನ ಮುಂದೆ ಬಂಡೆ ಹತ್ತಿ ಇಳೀತು. ನಿಮಿಷಕ್ಕೆ ಹೆಚ್ಚುಕಮ್ಮಿ ಒಂದು. ಪ್ರತಿ ಸಲ ನಾನು ಹೇಳಬೇಕಾಗಿದ್ದು ಒಂದೇ ಒಂದು ಅಂಕಿ: ಸೊನ್ನೆ, ಒಂದು, ಎರಡು, ಮೂರು, ಇಲ್ಲಾ ಐದು.

ಇದು ಮೋಟಾರ್‌ಸೈಕಲ್ ಟ್ರಯಲ್ಸ್, ನನ್ನದು ಅಲ್ಲಿ ಅಬ್ಸರ್ವರ್ ಕೆಲಸ, ಅಂದ್ರೆ ರೈಡರ್ ಕಾಲು ಊರಿದ್ನಾ ಅಂತ ನೋಡಿ ಮಾರ್ಕ್ಸ್ ಹಾಕೋದು. ಊರಲ್ಲಿ ಫ್ರೆಂಡ್ಸ್‌ಗೆ ಹೇಳಿದ್ರೆ ಎಲ್ಲರೂ ಮೋಟೋಕ್ರಾಸ್ ಅಂದ್ಕೋತಾರೆ, ಇಲ್ಲಾ ನಮ್ಮ ಚಿಕ್ಕಮಗಳೂರು ಕಡೆ ಕಾಫಿ ತೋಟದ ಮಧ್ಯೆ ಮಣ್ಣು ಹಾರಿಸ್ಕೊಂಡು ಹೋಗೋ ರ‍್ಯಾಲಿ ಅಂದ್ಕೋತಾರೆ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಬೆಂಗಳೂರಿನವರೇ ಆಗಿದ್ದರಿಂದ ಆ ಆಟ ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಆದ್ರೆ ಟ್ರಯಲ್ಸ್‌ನಲ್ಲಿ ಸ್ಪೀಡ್ ಲೆಕ್ಕಕ್ಕೇ ಇಲ್ಲ. ನಡೆಯೋ ವೇಗದಲ್ಲೇ ಹೋಗ್ತಾರೆ. ಪಾಚಿ ಕಟ್ಟಿದ ಬಂಡೆ, ಕೆಸರಿನ ದಿಬ್ಬ, ಮರದ ಬೇರು, ಹರಿಯೋ ನೀರು, ಇವುಗಳ ಮೇಲೆ ಕಾಲು ಊರದೆ ದಾಟಬೇಕು, ಅಷ್ಟೇ. ಬೈಕಲ್ಲಿ ಸೀಟ್ ಅನ್ನೋದೇ ಇರಲ್ಲ ಅನ್ನಬಹುದು, ಪೂರ್ತಿ ನಿಂತೇ ಓಡಿಸೋದು. ತೂಕ 70 ಕೆಜಿ ಆಸುಪಾಸು, ಹಿಂದಿನ ಟೈರಲ್ಲಿ ಗಾಳಿ ನಾಲ್ಕೋ ಐದೋ ಪಿಎಸ್‌ಐ ಮಾತ್ರ, ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗುತ್ತೆ, ಅದಕ್ಕೇ ಅದು ಬಂಡೆನ ತಬ್ಬಿಕೊಳ್ಳೋ ಥರ ಹಿಡ್ಕೊಳ್ಳುತ್ತೆ.

ನಿಯಮ ಕೇಳೋಕೆ ತುಂಬಾ ಸಿಂಪಲ್. ಟೇಪ್ ಕಟ್ಟಿದ ಒಂದು ದಾರಿಗೆ ಸೆಕ್ಷನ್ ಅಂತಾರೆ. ಬಲಕ್ಕೆ ಕೆಂಪು ಗುರುತು, ಎಡಕ್ಕೆ ನೀಲಿ, ಮಧ್ಯೆ ಹೋಗಬೇಕು. ಮುಂದಿನ ಚಕ್ರದ ಆಕ್ಸಲ್ ಬಿಗಿನ್ಸ್ ಕಾರ್ಡ್ ದಾಟಿದಾಗ ಲೆಕ್ಕ ಶುರು, ಎಂಡ್ಸ್ ಕಾರ್ಡ್ ದಾಟಿದಾಗ ಮುಗೀತು. ಕಾಲು ಒಂದು ಸಲವೂ ಊರದಿದ್ರೆ ಕ್ಲೀನ್, ಸೊನ್ನೆ. ಒಂದು ಸಲ ಊರಿದ್ರೆ ಒಂದು, ಅದಕ್ಕೆ ಡ್ಯಾಬ್ ಅಂತಾರೆ. ಎರಡು ಸಲಕ್ಕೆ ಎರಡು. ಮೂರು ಸಲ ಊರಿದ್ರೂ ಮೂರೇ, ಹದಿಮೂರು ಸಲ ಊರಿದ್ರೂ ಮೂರೇ. ಬಿದ್ರೆ, ಗೆರೆ ಆಚೆ ಚಕ್ರ ಹೋದ್ರೆ, ಯಾರಾದ್ರೂ ಬೈಕ್ ಹಿಡಿದು ಸಹಾಯ ಮಾಡಿದ್ರೆ, ಪೂರ್ತಿ ಮಾಡೋಕೆ ಆಗದಿದ್ರೆ ಐದು. ನಾಲ್ಕು ಅನ್ನೋ ಅಂಕಿನೇ ಇಲ್ಲ. ದಿನದ ಕೊನೆಗೆ ಯಾರ ಮೊತ್ತ ಕಮ್ಮಿಯೋ ಅವರು ಗೆದ್ದ ಹಾಗೆ, ಸಮ ಆದ್ರೆ ಯಾರ ಹತ್ರ ಕ್ಲೀನ್ ಜಾಸ್ತಿ ಇದೆ ಅಂತ ನೋಡ್ತಾರೆ. ಡ್ಯಾಬ್ ಅಂದ್ರೆ ಬರೀ ಪಾದ ಅಂತ ಅಲ್ಲ, ಆಯ ತಪ್ಪಿ ಪಕ್ಕದ ಮರಕ್ಕೆ ಭುಜ ಕೊಟ್ಟು ನಿಂತ್ರೂ ಅದು ಡ್ಯಾಬೇ. ಆದ್ರೆ ಇಂಜಿನ್ ಕೆಳಗಿನ ಸಂಪ್ ಗಾರ್ಡ್ ಬಂಡೆಗೆ ಉಜ್ಜಿದ್ರೆ, ಫುಟ್‌ರೆಸ್ಟ್ ತಗುಲಿದ್ರೆ ಪರವಾಗಿಲ್ಲ.

ಈಗ ಹೇಳ್ತೀನಿ ಕಷ್ಟ ಎಲ್ಲಿದೆ ಅಂತ. ಚಿಕ್ಕೋರಿದ್ದಾಗ ಕುಂಟೆಬಿಲ್ಲೆ ಆಡೋವಾಗ ಗೆರೆ ತುಳಿದೆ, ತುಳಿದಿಲ್ಲ ಅಂತ ಎಷ್ಟು ಜಗಳ ಆಗ್ತಿತ್ತು ನೆನಪಿದೆಯಾ? ಅಲ್ಲಿ ಒಂದು ಕಾಲು, ಒಂದು ಗೆರೆ, ಅಷ್ಟಕ್ಕೇ ಅಷ್ಟು ಜಗಳ. ಇಲ್ಲಿ ಎರಡು ಕಾಲು, ಎರಡು ಚಕ್ರ, ಎರಡು ಕಡೆ ಟೇಪು, ಮೇಲೆ ನೀರು ಎರಚ್ತಾ ಇರುತ್ತೆ, ಎಲ್ಲಾ ಇಪ್ಪತ್ತು ಮೂವತ್ತು ಸೆಕೆಂಡಲ್ಲಿ ಮುಗಿದುಹೋಗುತ್ತೆ, ರೀಪ್ಲೇ ಇಲ್ಲ, ಕ್ಯಾಮೆರಾ ಇಲ್ಲ, ಇರೋದು ನಾವೊಬ್ಬರೇ. ನಾವು ಕಂಡದ್ದೇ ಸ್ಕೋರು.

ನನಗೆ ಮೊದಲ ಸಲ ಕಲಿಸಿದ ಹಿರಿಯರೊಬ್ಬರಿದ್ರು, ಎಪ್ಪತ್ತು ದಾಟಿದ ವಯಸ್ಸು, ನಲವತ್ತು ವರ್ಷದಿಂದ ಇದನ್ನೇ ಮಾಡ್ತಿದ್ದೋರು. ಅವರು ನಿಯಮದ ಪುಸ್ತಕ ಕೈಗೆ ಕೊಡೋಕೆ ಮುಂಚೆ ನನ್ನನ್ನ ಸೆಕ್ಷನ್ ಉದ್ದಕ್ಕೂ ನಡೆಸಿ, ಯಾವ ಜಾಗದಲ್ಲಿ ರೈಡರ್ ಕಾಲು ಊರ್ತಾನೆ ಅಂತ ಕೇಳಿದ್ರು. ನಾನು ದೊಡ್ಡ ಬಂಡೆ ತೋರಿಸ್ದೆ. ಅಲ್ಲ, ಅದಕ್ಕಿಂತ ಎರಡು ಅಡಿ ಹಿಂದೆ, ತಿರುವಿನ ಹೊರಗಡೆ ಪಾದ, ಅಂದ್ರು. ಅದು ಹೌದು. ಬಂಡೆ ಎಲ್ಲರಿಗೂ ಕಾಣುತ್ತೆ, ಅದಕ್ಕೆ ಎಲ್ಲರೂ ತಯಾರಾಗೇ ಬರ್ತಾರೆ, ಬಂಡೆಗೆ ಬೈಕ್ ನೇರ ಮಾಡ್ಕೊಳ್ಳೋ ಆ ಚಿಕ್ಕ ತಿರುವಲ್ಲೇ ಆಯ ತಪ್ಪೋದು. ಅಲ್ಲಿ ಕಾಲು ಕಾಣೋ ಕಡೆ ನಾವು ನಿಲ್ಲಬೇಕು. ಬೈಕಿನ ಈ ಕಡೆ ನಿಂತ್ರೆ ಆ ಕಡೆ ಕಾಲು ಇಂಜಿನ್ ಹಿಂದೆ ಮರೆಯಾಗುತ್ತೆ, ಆಮೇಲೆ ನೀವು ಎಷ್ಟೇ ಪ್ರಾಮಾಣಿಕರಾಗಿದ್ರೂ ಏನೂ ಪ್ರಯೋಜನ ಇಲ್ಲ, ಕಂಡಿಲ್ಲ ಅಂದ್ರೆ ಕಂಡಿಲ್ಲ. ಅಬ್ಸರ್ವರ್ ಕೆಲಸದಲ್ಲಿ ಅರ್ಧ ಭಾಗ ನಿಲ್ಲೋ ಜಾಗ ಆರಿಸೋದ್ರಲ್ಲೇ ಇದೆ ಅಂತ ನಾನು ಈಗ ಖಂಡಿತವಾಗಿ ಹೇಳ್ತೀನಿ.

ಇನ್ನೊಂದು ಅವರು ಹೇಳಿಕೊಟ್ಟಿದ್ದು ನಿಲ್ಲೋದ್ರ ಬಗ್ಗೆ. ಟ್ರಯಲ್ಸ್‌ನಲ್ಲಿ ಎರಡು ಪಂಗಡ ಇದೆ, ಸೆಕ್ಷನ್ ಒಳಗೆ ಬೈಕ್ ನಿಲ್ಲಿಸಿ ಬ್ಯಾಲೆನ್ಸ್ ಮಾಡ್ಕೊಂಡು ಮುಂದೆ ಹೋಗಬಹುದು ಅನ್ನೋರು ಮತ್ತು ನಿಲ್ಲಿಸಿದ್ರೆ ಐದು ಅನ್ನೋರು. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 2013ರಲ್ಲಿ ನಾನ್‌ಸ್ಟಾಪ್ ನಿಯಮ ತಂದಾಗ ಎಷ್ಟು ವಾದ ಆಯ್ತು ಅಂದ್ರೆ ಇವತ್ತಿಗೂ ಟೀ ಕುಡಿಯೋವಾಗ ಆ ಮಾತು ತೆಗೆದ್ರೆ ಟೀ ಆರಿಹೋಗುತ್ತೆ. ನಾನು ನಾನ್‌ಸ್ಟಾಪ್ ಪರ. ನಿಲ್ಲಿಸೋಕೆ ಬಿಟ್ರೆ ಸೆಕ್ಷನ್ ಕಟ್ಟೋರು ಇನ್ನೂ ಕಷ್ಟ ಮಾಡ್ತಾರೆ, ಬೈಕ್ ಎತ್ತೆತ್ತಿ ಹಾರಿಸೋಕೆ ಬರೋರಿಗೆ ಮಾತ್ರ ಆಟ ಉಳಿಯುತ್ತೆ, ವಾರದಲ್ಲಿ ಐದು ದಿನ ಆಫೀಸಲ್ಲಿ ಕೂತು ಭಾನುವಾರ ಬರೋ ಐವತ್ತರ ಮನುಷ್ಯ ಎಲ್ಲಿಗೆ ಹೋಗಬೇಕು? ಆದ್ರೆ ಒಪ್ಪಿಕೊಳ್ಳಲೇಬೇಕಾದ ಮಾತು, ನಾನ್‌ಸ್ಟಾಪ್ ನೋಡೋದು ಅಬ್ಸರ್ವರ್‌ಗೆ ಬಹಳ ಕಷ್ಟ. ನಿಂತ್ನಾ, ಅಥವಾ ಬಹಳ ನಿಧಾನ ಆದ್ನಾ? ರೈಡರ್ ಮೈ ಅಲ್ಲಾಡ್ತಾ ಇರುತ್ತೆ, ಹ್ಯಾಂಡಲ್ ಅಲ್ಲಾಡ್ತಾ ಇರುತ್ತೆ, ಕಣ್ಣು ಮೋಸ ಹೋಗುತ್ತೆ. ಹಿರಿಯರು ಹೇಳಿದ್ದು, ಮುಖ ನೋಡಬೇಡ, ಮುಂದಿನ ಟೈರಿನ ಒಂದು ಗುಬುಟು ನೋಡು, ಅದರ ಹಿಂದಿರೋ ಒಂದು ಕಲ್ಲು ನೋಡು. ಗುಬುಟು ಕಲ್ಲನ್ನ ದಾಟ್ತಾ ಇದ್ರೆ ಬೈಕು ಹೋಗ್ತಾ ಇದೆ. ದಾಟದೆ ಅಲ್ಲೇ ಇದ್ರೆ ನಿಂತಿದೆ. ಅದನ್ನ ಹೇಳಿಕೊಟ್ಟ ದಿನದಿಂದ ನಾನು ಬೆಳಗ್ಗೆ ಹೋದ ತಕ್ಷಣ ಎರಡು ಮೂರು ಬಿಳೀ ಕಲ್ಲು ಗುರುತು ಮಾಡ್ಕೋತೀನಿ. ಆದ್ರೆ ಟೈರು ನೋಡ್ತಾ ಕಾಲು ನೋಡೋದು ಹೇಗೆ? ಅದಕ್ಕೇ ಕಷ್ಟದ ಸೆಕ್ಷನ್‌ಗೆ ಇಬ್ಬರು ಬೇಕು, ಒಬ್ಬರು ಕಾಲು ಎಣಿಸ್ತಾ ಬೆರಳು ಎತ್ತಿ ತೋರಿಸ್ತಾರೆ, ಇನ್ನೊಬ್ಬರು ಚಕ್ರ ಮತ್ತು ಟೇಪು ನೋಡಿ ಬರೀತಾರೆ.

ಅನುಮಾನ ಇದ್ರೆ ಲಾಭ ರೈಡರ್‌ಗೆ. ಇದು ಎಲ್ಲರೂ ಹೇಳೋ ಮಾತು, ಸರಿಯಾದ ಮಾತೂ ಹೌದು. ಆದ್ರೆ ಬೆಳಗ್ಗೆ ಮೊದಲ ರೈಡರ್‌ಗೆ ಕೊಟ್ಟ ಅನುಮಾನದ ಲಾಭ ಮಧ್ಯಾಹ್ನ ಎರಡೂವರೆಗೆ ಚಳಿಯಲ್ಲಿ ನಡುಗ್ತಾ ಇರೋವಾಗ 64ನೆಯವನಿಗೂ ಸಿಗಬೇಕು. ಸ್ವಲ್ಪ ಧಾರಾಳ ಅಥವಾ ಸ್ವಲ್ಪ ಬಿಗಿ, ಯಾವುದಾದ್ರೂ ಆಗಲಿ, ಇಡೀ ದಿನ ಎಲ್ಲರಿಗೂ ಒಂದೇ ಥರ ಇದ್ರೆ ರಿಸಲ್ಟ್ ಸರಿಯಾಗೇ ಬರುತ್ತೆ. ಪರಿಚಯದೋರಿಗೆ ಒಂದು, ಗೊತ್ತಿಲ್ಲದೋರಿಗೆ ಮೂರು ಆದ ಕೂಡ್ಲೇ ಆಟ ಕೆಟ್ಟುಹೋಯ್ತು.

ನನ್ನ ಕಡೆಯಿಂದಲೇ ಒಂದು ದೊಡ್ಡ ತಪ್ಪು ಆಗಿದೆ, ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ, ನನ್ನ ಮೂರನೇ ಟ್ರಯಲ್. ನಂಬರ್ ಪ್ಲೇಟ್ ಮೇಲೆ ಕೆಸರು ಮೆತ್ತಿಕೊಂಡಿತ್ತು, 36 ಅಂತ ಓದಿದೆ, ಅದು 38. ಒಬ್ಬ ಹದಿನಾರು ವರ್ಷದ ಹುಡುಗ ಎಷ್ಟು ಚೆಂದ ಕ್ಲೀನ್ ಮಾಡಿದ್ದ, ಅವನ ಸೊನ್ನೆ ಬೇರೆಯವರ ಹೆಸರಿಗೆ ಹೋಗಿ ಅವನಿಗೆ ಐದು ಬಿತ್ತು. ಸಂಜೆ ರಿಸಲ್ಟ್ ಬಂದಾಗ ಅವನು ಎರಡು ಪಾಯಿಂಟಲ್ಲಿ ಮೂರನೇ ಸ್ಥಾನ ಕಳ್ಕೊಂಡಿದ್ದ. ಅವನು ಜೋರು ಮಾಡಲಿಲ್ಲ, ಅವರಪ್ಪ ಬಂದು ಮೆಲ್ಲಗೆ ಕೇಳಿದ್ರು, ನಾನು ಶೀಟ್ ನೋಡಿದ್ರೆ ಅದೇ ಸುತ್ತಲ್ಲಿ 36ಕ್ಕೆ ಎರಡು ಎಂಟ್ರಿ ಇದೆ, 38ಕ್ಕೆ ಒಂದೂ ಇಲ್ಲ. ಕ್ಲರ್ಕ್ ಆಫ್ ದಿ ಕೋರ್ಸ್, ಅಂದ್ರೆ ಆ ದಿನದ ಸ್ಪರ್ಧೆ ನೋಡ್ಕೊಳ್ಳೋ ಅಧಿಕಾರಿ ಹತ್ರ ಹೋಗಿ ನನ್ನದೇ ತಪ್ಪು ಅಂತ ಹೇಳಿ ಸರಿ ಮಾಡಿಸಿದೆ. ಕಾಲು ಊರಿದ್ನಾ ಇಲ್ವಾ ಅನ್ನೋದ್ರಲ್ಲಿ ಅಬ್ಸರ್ವರ್ ಕಂಡದ್ದೇ ಕೊನೆ ಮಾತು, ಆದ್ರೆ ಬರವಣಿಗೆ ತಪ್ಪನ್ನ ಸರಿ ಮಾಡಬಹುದು, ಮಾಡಲೇಬೇಕು. ಅವತ್ತಿನಿಂದ ರೈಡರ್ ಸೆಕ್ಷನ್‌ಗೆ ಇಳಿಯೋ ಮುಂಚೆ ನಂಬರ್ ಜೋರಾಗಿ ಕೂಗ್ತೀನಿ, ಅವರು ತಲೆ ಆಡಿಸಿದ ಮೇಲೇ ಕೈ ತೋರಿಸೋದು, ಹೊರಗೆ ಬಂದ ಮೇಲೆ ಸ್ಕೋರನ್ನೂ ಕೂಗ್ತೀನಿ, ಬೆರಳಲ್ಲೂ ತೋರಿಸ್ತೀನಿ, ಸೊನ್ನೆಗೆ ಮುಷ್ಟಿ, ಐದಕ್ಕೆ ಪೂರ್ತಿ ಅಂಗೈ. ತಕರಾರಿದ್ರೆ ಅಲ್ಲೇ ಆಗಲೇ ಮಾತಾಡಿ ಮುಗಿಯುತ್ತೆ.

ಒಂದು ವಿಷಯ ಹೇಳದೆ ಮುಂದೆ ಹೋಗೋಕೆ ಮನಸ್ಸು ಬರಲ್ಲ. ನಮ್ಮ ಬುಲೆಟ್, ಊರಲ್ಲಿ ಗುಡುಗುಡು ಅನ್ಕೊಂಡು ಹೋಗೋ ರಾಯಲ್ ಎನ್‌ಫೀಲ್ಡ್ ಬುಲೆಟ್, ಈ ಆಟದಲ್ಲಿ ರಾಜನಾಗಿತ್ತು. ಜಾನಿ ಬ್ರಿಟನ್ ಅನ್ನೋ ರೈಡರ್ 1952ರಲ್ಲಿ, ಮತ್ತೆ 1957ರಲ್ಲಿ, ರಾಯಲ್ ಎನ್‌ಫೀಲ್ಡ್ ಮೇಲೆ ಸ್ಕಾಟಿಷ್ ಸಿಕ್ಸ್ ಡೇಸ್ ಟ್ರಯಲ್ ಗೆದ್ದಿದ್ರು. 2019ರಲ್ಲಿ ಇಂಡಿಯಾದಲ್ಲಿ ಬುಲೆಟ್ ಟ್ರಯಲ್ಸ್ ಅಂತ ಬೈಕ್ ಬಂತಲ್ಲ, ಕೆಂಪು ಫ್ರೇಮಿಂದು, ಆ ಹೆಸರು ಬಂದಿದ್ದು ಈ ಆಟದಿಂದಲೇ. ಹಳೇ ಬೈಕ್‌ಗಳ ಕ್ಲಾಸಲ್ಲಿ ಯಾರಾದ್ರೂ ಬುಲೆಟ್ ತಂದ್ರೆ ನನ್ನ ಕಿವಿಗೆ ದೂರದಿಂದಲೇ ಗೊತ್ತಾಗುತ್ತೆ, ಎದೆ ತುಂಬಿ ಬರುತ್ತೆ.

ಆ ಸ್ಕಾಟಿಷ್ ಟ್ರಯಲ್ ಮೇ ತಿಂಗಳ ಮೊದಲ ವಾರ ಫೋರ್ಟ್ ವಿಲಿಯಂನಲ್ಲಿ ಆಗುತ್ತೆ, ಆರು ದಿನ, ದಿನಕ್ಕೆ 30 ಸೆಕ್ಷನ್. ಅದನ್ನ 12 ಸಲ ಗೆದ್ದ ಡೌಗಿ ಲ್ಯಾಂಪ್ಕಿನ್ ಇದೇ ಯಾರ್ಕ್‌ಷೈರಿನವರು. ನನಗೆ ಅದ್ರಲ್ಲಿ ಇಷ್ಟ ಏನಂದ್ರೆ, ವಿಶ್ವ ಚಾಂಪಿಯನ್ ಹೋದ ಅದೇ ಬಂಡೆ ಮೇಲೆ, ಅದೇ ದಾರಿಲಿ, ಅರ್ಧ ಗಂಟೆ ಬಿಟ್ಟು ಒಬ್ಬ ಪ್ಲಂಬರ್ ಹೋಗ್ತಾನೆ, ಇಬ್ಬರಿಗೂ ಅದೇ ಅಬ್ಸರ್ವರ್ ಮಾರ್ಕ್ಸ್ ಹಾಕ್ತಾರೆ. ನಮ್ಮ ಸಣ್ಣ ಕ್ಲಬ್ ಟ್ರಯಲ್‌ಗಳಲ್ಲಿ ಹಾಗಿಲ್ಲ, ಒಂದೇ ಸೆಕ್ಷನ್ ಒಳಗೆ ಬಣ್ಣದ ಬಾಣ ಹಾಕಿ ಎರಡು ಮೂರು ದಾರಿ ಮಾಡಿರ್ತಾರೆ, ಕಷ್ಟದ್ದು, ಮಧ್ಯಮ, ಸುಲಭದ್ದು. ಅಬ್ಸರ್ವರ್ ಯಾವ ನಂಬರ್ ಯಾವ ದಾರಿಯೋರು ಅಂತ ನೋಡ್ಕೋಬೇಕು, ತಪ್ಪು ದಾರಿಗೆ ಹೋದ್ರೆ ಅದೂ ಐದು.

ಸರಿ, ಈ ಕಡೆ ಇರೋ ಕನ್ನಡದೋರು ಯಾರಾದ್ರೂ ಬರೋದಾದ್ರೆ ತಿಳ್ಕೊಂಡಿರಲಿ. ಲೀಡ್ಸ್, ಬ್ರ್ಯಾಡ್‌ಫರ್ಡ್ ಸುತ್ತ ಇರೋರು ಹತ್ತಿರದ ಕ್ಲಬ್‌ಗೆ ಒಂದು ಮೆಸೇಜ್ ಹಾಕಿದ್ರೆ ಸಾಕು, ಅಬ್ಸರ್ವರ್ ಬೇಡ ಅನ್ನೋ ಕ್ಲಬ್ ನಾನಂತೂ ನೋಡಿಲ್ಲ. ಬೈಕ್ ಓಡಿಸೋಕೆ ಬರದಿದ್ರೂ ನಡೆಯುತ್ತೆ. ಬೆಳಗ್ಗೆ ಸೈನ್ ಆನ್, ಅಂದ್ರೆ ಹೆಸರು ಬರೆದು ಸಹಿ ಮಾಡಲೇಬೇಕು, ಇನ್ಶೂರೆನ್ಸ್ ಅದ್ರಲ್ಲೇ ಬರೋದು. ಇಲ್ಲಿ ರಸ್ತೆ ಬಿಟ್ಟು ಇಂಥ ಸ್ಪರ್ಧೆ ಮಾಡೋಕೆ 1995ರ ಆಫ್ ರೋಡ್ ಇವೆಂಟ್ಸ್ ರೆಗ್ಯುಲೇಷನ್ಸ್ ಪ್ರಕಾರ ಎಸಿಯು (ಆಟೋ ಸೈಕಲ್ ಯೂನಿಯನ್, ಇಲ್ಲಿನ ಮೋಟಾರ್‌ಸೈಕಲ್ ಸ್ಪರ್ಧೆಗಳ ಸಂಘ) ಥರದ ಮಾನ್ಯ ಸಂಸ್ಥೆಯ ಪರ್ಮಿಟ್ ಬೇಕು. ಜಮೀನು ರೈತರದ್ದು. ಗೇಟ್ ಹೇಗಿತ್ತೋ ಹಾಗೇ ಬಿಡಬೇಕು, ಮುಚ್ಚಿದ್ರೆ ಮುಚ್ಚಬೇಕು, ಕುರಿ ಮರಿ ಹಾಕೋ ಕಾಲದಲ್ಲಿ ಆ ಹೊಲದ ಹತ್ರಕ್ಕೂ ಹೋಗಬಾರದು, ಕಲ್ಲಿನ ಗೋಡೆಯಿಂದ ಒಂದು ಕಲ್ಲು ಬಿದ್ರೂ ಎತ್ತಿಟ್ಟು ಬರಬೇಕು. ಒಬ್ಬ ರೈತನ ಮನಸ್ಸು ಕೆಟ್ರೆ ನಲವತ್ತು ವರ್ಷದಿಂದ ಆಡ್ತಾ ಇದ್ದ ಹಳ್ಳ ಒಂದೇ ದಿನಕ್ಕೆ ಕೈಬಿಟ್ಟು ಹೋಗುತ್ತೆ.

ತರಬೇಕಾಗಿದ್ದು: ಎರಡು ಪೆನ್ಸಿಲ್, ಒಂದು ಬಿದ್ದು ನೀರಲ್ಲಿ ತೇಲಿ ಹೋಗೇ ಹೋಗುತ್ತೆ. ದೊಡ್ಡ ಪ್ಲಾಸ್ಟಿಕ್ ಕವರ್. ಗಂಬೂಟು, ದಪ್ಪ ಕಾಲುಚೀಲ ಎರಡು ಜೊತೆ. ಫ್ಲಾಸ್ಕಲ್ಲಿ ಬಿಸಿ ಏನಾದ್ರೂ. ಕುರ್ಚಿ ತರಬೇಡಿ ಅಂತ ನನ್ನ ಸಲಹೆ, ಕೂತ್ರೆ ತಿರುವಿನ ಆ ಕಡೆ ಕಾಲು ಕಾಣಲ್ಲ. ಬೈಕ್ ಬೀಳೋ ಕಡೆ, ಅಂದ್ರೆ ಇಳಿಜಾರಿನ ಕೆಳಗೆ ನಿಲ್ಲಬೇಡಿ. ಹ್ಯಾಂಡಲ್ ಕೈ ಬಿಟ್ರೆ ಇಂಜಿನ್ ಆಫ್ ಆಗೋ ಥರ ರೈಡರ್ ಮಣಿಕಟ್ಟಿಗೆ ಲ್ಯಾನ್‌ಯಾರ್ಡ್ ಇರುತ್ತೆ, ಆದ್ರೂ 70 ಕೆಜಿ ಕಬ್ಬಿಣ ಉರುಳಿ ಬಂದ್ರೆ ಇಂಜಿನ್ ಆಫ್ ಇದ್ರೂ ಒಂದೇ ಆನ್ ಇದ್ರೂ ಒಂದೇ.

ಹೋದ ಭಾನುವಾರ ನಾಲ್ಕನೇ ಸುತ್ತಿನ ಹೊತ್ತಿಗೆ ಮಳೆ ಜೋರಾಗಿ ಹಳ್ಳದ ನೀರು ಒಂದು ಗೇಣು ಏರಿತ್ತು, ನನ್ನ ಬಿಳೀ ಕಲ್ಲುಗಳಲ್ಲಿ ಒಂದು ಮುಳುಗಿ ಹೋಯ್ತು, ಇನ್ನೊಂದನ್ನ ಗುರುತು ಮಾಡ್ಕೊಂಡು ಮುಂದುವರಿಸಿದೆ. ಅವತ್ತು ಆ 38ನೇ ನಂಬರಿನ ಹುಡುಗ ಬಂದಿದ್ದ, ಈಗ ಹದಿನೆಂಟು ಅವನಿಗೆ, ಕಷ್ಟದ ದಾರಿಗೆ ಬಡ್ತಿ ಆಗಿದಾನೆ. ಈ ಸಲ ನಂಬರ್ 12. ನಾನು ಹನ್ನೆರಡು ಅಂತ ಕೂಗಿದೆ, ಅವನು ಪ್ಲೇಟ್ ಮೇಲಿನ ಕೆಸರನ್ನ ಗ್ಲೌಸಲ್ಲಿ ಒರೆಸಿ ತೋರಿಸಿ, ತಲೆ ಆಡಿಸಿ ಒಳಗೆ ಇಳಿದ. ತಿರುವಲ್ಲಿ ಎಡಗಾಲು ಒಂದೇ ಒಂದು ಸಲ, ಹಿಮ್ಮಡಿ ತುದಿ ಮಾತ್ರ, ನೀರಿಗೆ ತಗುಲಿತು, ಕಲ್ಲಿಗೆ ತಗುಲಿದ್ದು ನನಗೆ ಕಾಣಲಿಲ್ಲ. ಮೇಲೆ ಹತ್ತಿ ಎಂಡ್ಸ್ ಕಾರ್ಡ್ ದಾಟಿದ ಮೇಲೆ ನಾನು ಮುಷ್ಟಿ ಎತ್ತಿದೆ. ಅವನು ಬೈಕ್ ನಿಲ್ಲಿಸಿ ಹಿಂತಿರುಗಿ, ಒಂದು ಬೆರಳು ಎತ್ತಿ ತೋರಿಸಿದ. ಕಲ್ಲು ಸಿಕ್ತು ಕಾಲಿಗೆ, ಅಂದ. ನಾನು ಕವರ್ ಒಳಗೆ ಕೈ ಹಾಕಿ ಸೊನ್ನೆ ಅಳಿಸಿ ಒಂದು ಬರೆದೆ.