ಒಳಗೆ ಪೈಲಟ್ ಇದ್ದರೆ ನಿಮ್ಮ ಕೆಲಸ ಸುಲಭವಲ್ಲವೇ?

ಬಾಹ್ಯಾಕಾಶ ನೌಕೆಯೊಳಗಿನ ಕಂಪ್ಯೂಟರ್‌ಗೆ ಸಾಫ್ಟ್‌ವೇರ್ ಬರೆಯುವವನು ಎಂದು ತಿಳಿದ ಕೂಡಲೇ ಎಲ್ಲರೂ ನನಗೆ ಈ ಪ್ರಶ್ನೆ ಹಾಕುತ್ತಾರೆ. ಜಯನಗರದ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿದ್ದ ಹಿರಿಯರು ಪ್ರಶ್ನೆಯನ್ನೂ ಕೇಳದೆ ತೀರ್ಪನ್ನೇ ಕೊಟ್ಟರು: "ವಿಕ್ರಮ್ ಒಳಗೆ ಯಾರೂ ಇಲ್ಲದೆಯೇ ಚಂದ್ರನ ಮೇಲೆ ಇಳಿಯಿತು. ಮನುಷ್ಯನನ್ನು ಕೂರಿಸಿದರೆ ನಿಮಗೇನು ಕಷ್ಟ ಸ್ವಾಮಿ? ಏನಾದರೂ ಕೆಟ್ಟರೆ ಅವನೇ ನೋಡಿಕೊಳ್ಳುತ್ತಾನೆ." ಅಷ್ಟರಲ್ಲಿ ಹೋಳಿಗೆ ಬಂತು, ನನ್ನ ಉತ್ತರ ಗಂಟಲಲ್ಲೇ ಉಳಿಯಿತು. ಇಲ್ಲಿ ಹೇಳುತ್ತೇನೆ: ಕೆಲಸ ಹೆಚ್ಚಾಗುತ್ತದೆ.

2023ರ ಆಗಸ್ಟ್ 23ರಂದು ವಿಕ್ರಮ್ ತನ್ನ ತೀರ್ಮಾನಗಳಿಗೆ ಯಾರ ಒಪ್ಪಿಗೆಯನ್ನೂ ಕೇಳಬೇಕಾಗಿರಲಿಲ್ಲ. ಪೀಣ್ಯದ ಇಸ್ರೋ ನಿಯಂತ್ರಣ ಕೇಂದ್ರದಲ್ಲಿ ಕುಳಿತವರು ಆ ಕೊನೆಯ ನಿಮಿಷಗಳಲ್ಲಿ ನೋಡುತ್ತಿದ್ದರು, ಅಷ್ಟೇ. ಒಳಗೆ ಪೈಲಟ್ ಇದ್ದರೆ ಕಂಪ್ಯೂಟರ್ ತಾನು ಎಲ್ಲಿ ಇಳಿಯಲು ಹೊರಟಿದ್ದೇನೆಂದು ಅವನಿಗೆ ಹೇಳಬೇಕು, ಅವನು ಬೇಡವೆಂದರೆ ಕೇಳಬೇಕು. ಎರಡನ್ನೂ ಎಂಜಿನ್ ಉರಿಯುತ್ತಿರುವಾಗಲೇ ಮಾಡಬೇಕು.

ಅಪೊಲೊ ಚಂದ್ರನೌಕೆಯ ಕಿಟಕಿಯ ಮೇಲೆ ಗೆರೆಗಳಿದ್ದವು. ಕಂಪ್ಯೂಟರ್ ಒಂದು ಕೋನ ತೋರಿಸುತ್ತಿತ್ತು. ಆ ಅಂಕಿಯ ಗೆರೆಯ ನೇರಕ್ಕೆ ಕಾಣುವುದೇ ಇಳಿಯುವ ಜಾಗ. ಹಿಡಿಕೆಯನ್ನು ತುಸು ಅಲುಗಿಸಿದರೆ ಗುರಿ ಸರಿಯುತ್ತಿತ್ತು. ಆರ್ಮ್‌ಸ್ಟ್ರಾಂಗ್ ಕಂಪ್ಯೂಟರನ್ನು ಬಂದ್ ಮಾಡಿ ಕೈಯಿಂದಲೇ ಇಳಿಸಿದರು ಎಂಬ ಮಾತು ತಪ್ಪು. ಬಂಡೆಗಳ ಕುಳಿ ದಾಟಲು ಅವರು ನೌಕೆಯ ವಾಲಿಕೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಎಂಜಿನ್ನಿನ ಬಲವನ್ನು ಕಂಪ್ಯೂಟರೇ ಏರಿಳಿಸುತ್ತಿತ್ತು. ಸ್ವಿಚ್ಚನ್ನು ಒಮ್ಮೆ ಒತ್ತಿದರೆ ಇಳಿಯುವ ವೇಗ ಸೆಕೆಂಡಿಗೆ 1 ಅಡಿಯಷ್ಟು ಬದಲಾಗುತ್ತಿತ್ತು. ಇಷ್ಟು ನಯವಾಗಿ ಕೆಲಸ ಹಂಚಿಕೊಳ್ಳುವ ಪ್ರೋಗ್ರಾಂ ಬರೆಯುವುದು ಸುಲಭವೆಂದು ಯಾರೂ ನನಗೆ ಹೇಳಬೇಡಿ.

ನನ್ನನ್ನು ಕೇಳಲೇಬೇಕೆಂದಿದ್ದರೆ ಇದನ್ನು ಕೇಳಿ: ಕಂಪ್ಯೂಟರ್‌ಗೇ ಕೆಲಸ ಮಿತಿಮೀರಿದಾಗ ಅದು ಪೈಲಟ್‌ಗೆ ಏನು ಹೇಳಬೇಕು?

1969ರ ಜುಲೈ 20ರಂದು, ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಇಳಿಯುತ್ತಿದ್ದಾಗ, ಅದೇ ಆಯಿತು. ಆಗ ಬೇಡವಾಗಿದ್ದ ರೇಡಾರ್‌ನ ಕಡೆಯಿಂದ ಬರುತ್ತಿದ್ದ ಸಂಕೇತಗಳು ಕಂಪ್ಯೂಟರ್‌ನ ಸಮಯವನ್ನು ತಿನ್ನುತ್ತಿದ್ದವು. ಎಂಐಟಿಯ ಹಾಲ್ ಲ್ಯಾನಿಂಗ್ ರೂಪಿಸಿದ್ದ, ಯಾವ ಕೆಲಸ ಮೊದಲು ಎಂದು ನಿರ್ಧರಿಸುವ ಆದ್ಯತೆಯ ವ್ಯವಸ್ಥೆ ಕೈಬಿಡಲಿಲ್ಲ. ಕಂಪ್ಯೂಟರ್ ತಾನೇ ಮರುಚಾಲನೆಗೊಂಡು, ದಾರಿ ತೋರುವ ಲೆಕ್ಕಗಳನ್ನು ಉಳಿಸಿಕೊಂಡು ಉಳಿದದ್ದನ್ನು ಬದಿಗಿಟ್ಟಿತು. ಇದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಪರದೆಯ ಮೇಲೆ ಬಂದದ್ದು 1202 ಎಂಬ ಸಂಖ್ಯೆ. ಅದರ ಅರ್ಥವನ್ನು ನೌಕೆಯಲ್ಲಿದ್ದವರು ಭೂಮಿಯನ್ನು ಕೇಳಬೇಕಾಯಿತು. ಗಮನವೆಲ್ಲ ಅಲ್ಲಿಗೆ ಹೋದದ್ದರಿಂದ, ಇಳಿಯುವ ಜಾಗವನ್ನು ಕಿಟಕಿಯಿಂದ ಮೊದಲೇ ನೋಡಿಟ್ಟುಕೊಳ್ಳಲು ಅವರಿಗೆ ಆಗಲಿಲ್ಲ.

ಆ ಗಳಿಗೆಯಲ್ಲಿ ಪೈಲಟ್‌ಗೆ ಬೇಕಾದ ಉತ್ತರ ಒಂದೇ: ಇಳಿಯಬಹುದೇ, ಬಿಟ್ಟು ಮೇಲೇರಬೇಕೇ? ಅದನ್ನು ಹೇಳಬೇಕಾದರೆ, ಉಸಿರಾಡಲು ಬಿಡುವಿಲ್ಲದಾಗಲೂ ಕಂಪ್ಯೂಟರ್‌ಗೆ ತನ್ನಲ್ಲಿ ಏನು ಉಳಿದಿದೆ, ಏನು ಬಿಟ್ಟುಹೋಗಿದೆ ಎಂಬುದು ಗೊತ್ತಿರಬೇಕು. ನಮ್ಮ ತಂಡದಲ್ಲಿ ಅತಿ ಹೆಚ್ಚು ಜಗಳ ನಡೆಯುವುದು, ಅತಿ ಹೆಚ್ಚು ಪರೀಕ್ಷೆ ನಡೆಯುವುದು ಈ ಒಂದು ಭಾಗಕ್ಕೇ.