ಸ್ಟೀರಿಂಗ್ ತಗೊಳ್ಳಲಾ, ಗೇಮ್‌ಪ್ಯಾಡೇ ಸಾಕಾ?

"ಗುರು, ರೇಸಿಂಗ್ ಗೇಮ್‌ಗೆ ಸ್ಟೀರಿಂಗ್ ತಗೊಳ್ಳಲಾ, ಪ್ಯಾಡೇ ಸಾಕಾ?" ಸಂಬಳದ ವಾರದಲ್ಲಿ ಈ ಪ್ರಶ್ನೆ ಜಾಸ್ತಿ ಬರುತ್ತದೆ. ಬೋನಸ್ ತಿಂಗಳಲ್ಲಂತೂ ಕೇಳಲೇಬೇಡಿ. ಆಫೀಸಿನ ಹುಡುಗರು, ಚಿಕ್ಕಪ್ಪನ ಮಗ, ಲಿಫ್ಟ್‌ನಲ್ಲಿ ಸಿಗುವ ಪಿಯುಸಿ ಹುಡುಗ, ಎಲ್ಲರದೂ ಇದೇ. ನಾನು ತಿರುಗಿ ಕೇಳುವುದು ಎರಡೇ. ಯಾವ ಗೇಮ್ ಆಡ್ತೀರಿ? ಅದನ್ನ ಮನೇಲಿ ಎಲ್ಲಿ ಇಡ್ತೀರಿ? ಎರಡನೆಯದನ್ನು ಕೇಳಿದ ಕೂಡಲೇ ಬಹಳ ಜನ ಮಾತು ಬದಲಾಯಿಸುತ್ತಾರೆ.

ಸುತ್ತಿ ಬಳಸುವುದು ಬೇಡ. ನನ್ನನ್ನು ಕೇಳುವವರಲ್ಲಿ ಬಹುಪಾಲು ಜನಕ್ಕೆ ಪ್ಯಾಡ್ ಸಾಕು. ಸ್ಟೀರಿಂಗ್ ಕೆಟ್ಟದ್ದು ಅಂತಲ್ಲ, ಅವರು ಆಡುವ ಆಟಕ್ಕೆ ಅದು ಬೇಕಿಲ್ಲ.

ಫೋರ್ಜಾ ಹೊರೈಜನ್, ನೀಡ್ ಫಾರ್ ಸ್ಪೀಡ್ ಥರದ ಆಟಗಳನ್ನು ಮಾಡಿರುವುದೇ ಹೆಬ್ಬೆರಳನ್ನು ಮನಸ್ಸಿನಲ್ಲಿಟ್ಟುಕೊಂಡು. ಪ್ಯಾಡಿನ ಮೇಲಿನ ಕಡ್ಡಿ (ಸ್ಟಿಕ್) ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಾಡುವುದೇ ಬೆರಳಗಲದಷ್ಟು ಜಾಗದಲ್ಲಿ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಅದನ್ನು ಪೂರ್ತಿ ಎಡಕ್ಕೆ ಒತ್ತಿ ನೋಡಿ, ಕಾರು ಪಲ್ಟಿ ಹೊಡೆಯುವುದಿಲ್ಲ. ನೀವು ಪೂರ್ತಿ ಒತ್ತಿದರೂ ಆ ವೇಗಕ್ಕೆ ಎಷ್ಟು ಬೇಕೋ ಅಷ್ಟೇ ಚಕ್ರ ತಿರುಗುವ ಹಾಗೆ ಗೇಮ್ ಒಳಗೊಳಗೇ ಹಿಡಿದುಕೊಳ್ಳುತ್ತಿರುತ್ತದೆ. ಬೆರಳಿನ ನಡುಕವನ್ನೂ ಅದೇ ನಯ ಮಾಡಿ ಕಾರಿಗೆ ತಲುಪಿಸುತ್ತದೆ. ಸ್ಟೀರಿಂಗ್ ಹಾಕಿದಿರೋ, ಈ ಸಹಾಯದಲ್ಲಿ ಬಹುಪಾಲು ಹೋಯಿತು. ಪ್ಯಾಡಿನಲ್ಲಿ ಒಂದು ಚಿಟಿಕೆಯಲ್ಲಿ ಆಗುತ್ತಿದ್ದ ಡ್ರಿಫ್ಟ್‌ಗೆ (ಕಾರನ್ನು ಬೇಕಂತಲೇ ಅಡ್ಡಡ್ಡ ಜಾರಿಸುವುದಕ್ಕೆ) ಈಗ ಎರಡೂ ಕೈ ಸುತ್ತಿಸಬೇಕು. ಫೋರ್ಜಾದಲ್ಲಿ ಪ್ಯಾಡ್ ಹಿಡಿದುಕೊಂಡೇ ಎಲ್ಲರನ್ನೂ ಹಿಂದೆ ಹಾಕುವವರು ಬೇಕಾದಷ್ಟು ಜನ ಇದ್ದಾರೆ.

ಇಂಥವರು ಐದಾರು ಸಾವಿರದಲ್ಲಿ ಒಳ್ಳೆಯ ಪ್ಯಾಡ್ ತಗೊಂಡು ನೆಮ್ಮದಿಯಾಗಿರಲಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೋದರೆ ಕೈಯಲ್ಲಿ ಹಿಡಿದೇ ನೋಡಬಹುದು. ಕಡ್ಡಿಯೊಳಗೆ ಹಾಲ್ ಎಫೆಕ್ಟ್ ಸೆನ್ಸರ್ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಅದು ಆಯಸ್ಕಾಂತದಿಂದ ಕೆಲಸ ಮಾಡುತ್ತದೆ, ಸವೆಯುವ ಭಾಗ ಇಲ್ಲ, ಹಾಗಾಗಿ ಕೈ ಬಿಟ್ಟರೂ ಕಾರು ತಾನಾಗಿ ಒಂದು ಕಡೆ ಎಳೆಯುವ ಕಾಟ ಕಡಿಮೆ. ಪ್ಲೇಸ್ಟೇಷನ್ 5 ಇದ್ದವರಿಗೆ ಅದರ ಜೊತೆ ಬರುವ ಡ್ಯುಯಲ್‌ಸೆನ್ಸ್ ಪ್ಯಾಡೇ ಸಾಕಷ್ಟು ಕೆಲಸ ಮಾಡುತ್ತದೆ. 2022ರಲ್ಲಿ ಬಂದ ಗ್ರಾನ್ ಟುರಿಸ್ಮೊ 7ರಲ್ಲಿ ಬ್ರೇಕಿನ ಟ್ರಿಗರ್ ಬೆರಳಿಗೆ ಎದುರು ಒತ್ತುತ್ತದೆ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸಕ್ಕೆ ಇಳಿದರೆ ಗೊತ್ತಾಗುತ್ತದೆ.

ಇನ್ನು ನಿಜವಾದ ಕಾರು ಓಡಿಸಿದ ಹಾಗೇ ಇರಬೇಕು ಅಂತ ಮಾಡಿರುವ ಅಸೆಟ್ಟೊ ಕೋರ್ಸಾ, ಐರೇಸಿಂಗ್, ಡರ್ಟ್ ರ್‍ಯಾಲಿ 2.0 ಆಡುವವರು. ಇಲ್ಲಿ ನನ್ನ ಉತ್ತರ ಬೇರೆ. ಯಾಕೆ ಅಂತ ಸ್ವಲ್ಪ ನಿಧಾನವಾಗಿ ಹೇಳಬೇಕು.

ನಿಜವಾದ ಕಾರು ತಿರುವಿನಲ್ಲಿ ಹೋಗುವಾಗ ಮುಂದಿನ ಟೈರುಗಳು ತಾವಾಗಿ ನೇರಕ್ಕೆ ಬರಲು ನೋಡುತ್ತವೆ. ಕೈಗೆ ಗೊತ್ತಾಗುವ ಸ್ಟೀರಿಂಗಿನ ಭಾರ ಬಹುಮಟ್ಟಿಗೆ ಅದೇ ಎಳೆತ. ತಿರುವು ಬಿಗಿಯಾದಷ್ಟೂ ಭಾರ ಏರುತ್ತದೆ. ಆದರೆ ಟೈರಿನ ಹಿಡಿತ ಮುಗಿಯುವ ಹಂತ ಹತ್ತಿರವಾದಾಗ, ಪೂರ್ತಿ ಜಾರುವುದಕ್ಕೆ ಸ್ವಲ್ಪ ಮೊದಲೇ, ಆ ಭಾರ ಇಳಿಯತೊಡಗುತ್ತದೆ. ಕೈ ಹಗುರಾಯಿತು ಅಂದರೆ ಇನ್ನು ತಿರುಗಿಸಿ ಪ್ರಯೋಜನವಿಲ್ಲ, ವೇಗ ಇಳಿಸು ಅಂತ ಅರ್ಥ. ಫೋರ್ಸ್ ಫೀಡ್‌ಬ್ಯಾಕ್ ಇರುವ ಸ್ಟೀರಿಂಗಿನೊಳಗೆ ಒಂದು ಮೋಟರ್ ಇರುತ್ತದೆ. ಗೇಮ್ ಈ ಎಳೆತವನ್ನು ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತದೆ, ಮೋಟರ್ ಅದನ್ನು ನಿಮ್ಮ ಕೈಗೆ ದಾಟಿಸುತ್ತದೆ. ಹಿಂದಿನ ಚಕ್ರ ಜಾರಿದರೆ ಸ್ಟೀರಿಂಗ್ ತಾನೇ ಎದುರು ದಿಕ್ಕಿಗೆ ಸುತ್ತಲು ಶುರು ಮಾಡುತ್ತದೆ. ಹಿಡಿತ ಸಡಿಲಿಸಿ ಅಂಗೈಯಲ್ಲಿ ಜಾರಲು ಬಿಟ್ಟರೆ ಅರ್ಧ ಕೆಲಸ ಅದೇ ಮಾಡಿಕೊಳ್ಳುತ್ತದೆ. ಪ್ಯಾಡ್ ಕಂಪಿಸುತ್ತದೆ ನಿಜ. ಆದರೆ ಯಾವ ಕಡೆಗೆ, ಎಷ್ಟು ಅಂತ ಹೇಳುವುದಿಲ್ಲ. ಜಾರಿದ್ದು ಪರದೆಯ ಮೇಲೆ ಕಣ್ಣಿಗೆ ಕಾಣುವಷ್ಟರಲ್ಲಿ ಕಾರು ಹುಲ್ಲಿನ ಮೇಲಿರುತ್ತದೆ.

ಇದರ ರುಚಿ ಹತ್ತಿದರೆ ಬಿಡುವುದು ಕಷ್ಟ. ಒಂದೇ ಟ್ರ್ಯಾಕ್, ಒಂದೇ ಕಾರು, ರಾತ್ರಿಯೆಲ್ಲ ಅದೇ ತಿರುವು. 20 ಕಿ.ಮೀ. ದಾಟುವ ಜರ್ಮನಿಯ ರೇಸ್ ಟ್ರ್ಯಾಕ್, ನೂರ್‌ಬರ್ಗ್‌ರಿಂಗ್‌ನ ನಾರ್ಡ್‌ಶ್ಲೈಫೆಯನ್ನು ಬಾಯಿಪಾಠ ಮಾಡುವ ಹುಚ್ಚು ನಿಮಗಿದ್ದರೆ ಸ್ಟೀರಿಂಗ್ ತಗೊಳ್ಳಿ. ತಂದ ದಿನವೇ ಲ್ಯಾಪ್ ಟೈಮ್ ಇಳಿಯುತ್ತದೆ ಅಂದುಕೊಳ್ಳಬೇಡಿ. ಮೊದಲ ಕೆಲವು ವಾರ ಪ್ಯಾಡಿಗಿಂತ ನಿಧಾನವೇ ಆಗುತ್ತೀರಿ.

ಈಗ ಎರಡನೇ ಪ್ರಶ್ನೆ, ಜಾಗದ್ದು. ಬೆಂಗಳೂರಿನ ಒಂದು ಬೆಡ್‌ರೂಮಿನ ಬಾಡಿಗೆ ಮನೆಯಲ್ಲಿ ಇದೇ ದೊಡ್ಡ ಪ್ರಶ್ನೆ. ಸ್ಟೀರಿಂಗನ್ನು ಮೇಜಿಗೆ ಕ್ಲಾಂಪ್ ಹಾಕಿ ಬಿಗಿಯಬೇಕು. ಆನ್‌ಲೈನಲ್ಲಿ ತರಿಸಿದ ತೆಳು ಪಾರ್ಟಿಕಲ್ ಬೋರ್ಡ್ ಮೇಜಾದರೆ ಮಾನಿಟರ್ ಸಮೇತ ಓಲಾಡುತ್ತದೆ. ಲಾಜಿಟೆಕ್ ಜಿ29 ಅನ್ನುವ ಸ್ಟೀರಿಂಗಿನ ಜೊತೆ ಬರುವ ಪೆಡಲಿನ ತಳದಲ್ಲಿ ಕಾರ್ಪೆಟ್ ಕಚ್ಚಿಕೊಳ್ಳಲು ಹಲ್ಲುಗಳಿವೆ. ನಮ್ಮ ಮನೆಗಳಲ್ಲಿ ಕಾರ್ಪೆಟ್ ಎಲ್ಲಿಂದ ಬರಬೇಕು? ವಿಟ್ರಿಫೈಡ್ ಟೈಲ್ಸ್ ಮೇಲೆ ಒಂದು ಸಲ ಜೋರಾಗಿ ಬ್ರೇಕ್ ಒತ್ತಿದರೆ ಪೆಡಲ್ ಮುಂದಕ್ಕೆ, ಗಾಲಿ ಇರುವ ಆಫೀಸ್ ಕುರ್ಚಿಯಲ್ಲಿ ಕೂತ ನೀವು ಹಿಂದಕ್ಕೆ. ಉಪಾಯ ಸುಲಭ: ಪೆಡಲನ್ನು ಗೋಡೆಗೆ ಆನಿಸಿ ಇಡಿ, ಊಟದ ಮೇಜಿನ ನಾಲ್ಕು ಕಾಲಿನ ಕುರ್ಚಿ ಎಳೆದುಕೊಳ್ಳಿ. ಮಡಚಿ ಮಂಚದ ಕೆಳಗೆ ತಳ್ಳುವ ಸ್ಟ್ಯಾಂಡ್‌ಗಳೂ ಸಿಗುತ್ತವೆ. ನನ್ನ ಕೇಳಿದರೆ ಏರಿಯಾದ ವೆಲ್ಡಿಂಗ್ ಅಂಗಡಿಗೆ ಅಳತೆ ಕೊಟ್ಟು ಸ್ಕ್ವೇರ್ ಪೈಪಿನಲ್ಲಿ ಮಾಡಿಸುವುದೇ ವಾಸಿ. ಕೆಳಗಡೆ ಓನರ್ ಇದ್ದರೆ ಇನ್ನೊಂದು ಮಾತು: ರಾತ್ರಿ ಹನ್ನೊಂದಕ್ಕೆ ಪೆಡಲಿನ ಧಡ್ ಧಡ್ ಅವರ ತಲೆಯ ಮೇಲೇ ಬೀಳುತ್ತದೆ. ದಪ್ಪ ರಬ್ಬರ್ ಮ್ಯಾಟ್ ಹಾಸಿ.

ದಿನಾ ಆಟ ಮುಗಿದ ಮೇಲೆ ಬಿಚ್ಚಿ ಎತ್ತಿಡಬೇಕಾದ ಮನೆಯಾದರೆ ಬೇಡವೇ ಬೇಡ ಅನ್ನುತ್ತೇನೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ದಾಟಿ ಮನೆ ಸೇರಿದವನಿಗೆ ರಾತ್ರಿ ಕ್ಲಾಂಪ್ ಬಿಗಿಯುವ ಉತ್ಸಾಹ ಉಳಿದಿರುವುದಿಲ್ಲ. ಸ್ಟೀರಿಂಗ್ ಅಟ್ಟ ಹತ್ತುತ್ತದೆ.

ಯಾವುದು ತಗೊಳ್ಳೋದು ಅನ್ನುವವರಿಗೆ: ಒಳಗಿನ ಮೋಟರಿನಿಂದ ಸ್ಟೀರಿಂಗಿಗೆ ಬಲ ಹೇಗೆ ಬರುತ್ತದೆ ಅನ್ನುವುದರ ಮೇಲೆ ಬೆಲೆ ನಿಂತಿದೆ. ಲಾಜಿಟೆಕ್‌ನ ಜಿ29, ಜಿ923ರಲ್ಲಿ ಬಲ ಬರುವುದು ಹಲ್ಲಿನ ಗೇರ್ ಚಕ್ರಗಳಿಂದ. ಸ್ಟೀರಿಂಗ್ ತಿರುಗಿಸುವ ಬಲ ಎರಡು ನ್ಯೂಟನ್ ಮೀಟರ್‌ಗೆ ತುಸು ಮೇಲೆ, ಗುಂಡಿ ಬಿದ್ದ ರಸ್ತೆಯಲ್ಲಿ ಕಟಕಟ ಸದ್ದು, ಆದರೆ ಗಟ್ಟಿ ಪಿಂಡ. ಥ್ರಸ್ಟ್‌ಮಾಸ್ಟರ್ ಟಿ300 ಬೆಲ್ಟಿನದು, ನಯ ಹೆಚ್ಚು. ಮೋಜಾ ಆರ್5, ಫ್ಯಾನಟೆಕ್ ಸಿಎಸ್‌ಎಲ್ ಡಿಡಿ ಇವುಗಳಲ್ಲಿ ಸ್ಟೀರಿಂಗ್ ನೇರ ಮೋಟರಿನ ಶಾಫ್ಟ್ ಮೇಲೇ ಕೂತಿರುತ್ತದೆ. ಐದು ನ್ಯೂಟನ್ ಮೀಟರಿನ ಆಸುಪಾಸು ಬಲ ಇರುವುದರಿಂದ ಬಡಕಲು ಮೇಜು ಇದಕ್ಕೆ ತಡೆಯುವುದಿಲ್ಲ. ಕೊಳ್ಳುವ ಮೊದಲು ಡಬ್ಬದ ಮೇಲಿನ ಹೆಸರು ಸರಿಯಾಗಿ ಓದಿ. ಜಿ29 ಪ್ಲೇಸ್ಟೇಷನ್‌ಗೆ, ಜಿ920 ಎಕ್ಸ್‌ಬಾಕ್ಸ್‌ಗೆ. ನೋಡಲು ಅಣ್ಣ ತಮ್ಮಂದಿರ ಹಾಗಿದ್ದರೂ ಒಂದರ ಕನ್ಸೋಲಿಗೆ ಇನ್ನೊಂದು ಕೂರುವುದಿಲ್ಲ. ಪಿಸಿಗೆ ಎರಡೂ ನಡೆಯುತ್ತವೆ.

ದುಡ್ಡು ಇನ್ನೂ ಮಿಕ್ಕಿದ್ದರೆ ದೊಡ್ಡ ಮೋಟರಿಗೆ ಹಾಕುವ ಬದಲು ಬ್ರೇಕಿಗೆ ಹಾಕಿ ಅನ್ನುತ್ತೇನೆ, ಯಾರೂ ಕೇಳುವುದಿಲ್ಲ. ಅಗ್ಗದ ಪೆಡಲ್ ಅಳೆಯುವುದು ಕಾಲು ಎಷ್ಟು ದೂರ ಹೋಯಿತು ಅಂತ. ಲೋಡ್ ಸೆಲ್ ಇರುವುದು ಎಷ್ಟು ಜೋರಾಗಿ ಒತ್ತಿದಿರಿ ಅಂತ ಅಳೆಯುತ್ತದೆ. ನಮ್ಮ ಕಾಲು ನೆನಪಿಟ್ಟುಕೊಳ್ಳುವುದು ಒತ್ತಡವನ್ನು. ಇಟಲಿಯ ಮೊನ್ಜಾ ಟ್ರ್ಯಾಕಿನಲ್ಲಿ ಉದ್ದದ ನೇರ ರಸ್ತೆ ಮುಗಿದು ಮೊದಲ ಚಿಕೇನ್ (ಎಡ ಬಲ ಬಿಗಿ ತಿರುವು) ಬರುವಾಗ ಪ್ರತಿ ಲ್ಯಾಪಿನಲ್ಲೂ ಒಂದೇ ಥರ ಬ್ರೇಕ್ ಹಾಕಲು ಸಾಧ್ಯವಾಗುವುದು ಇದರಿಂದ.

ಅಪ್ಪ ಅಮ್ಮಂದಿರ ಪ್ರಶ್ನೆಯೊಂದು ಉಳಿಯಿತು. "ಇದ್ರಲ್ಲಿ ಆಡಿದ್ರೆ ಕಾರ್ ಓಡ್ಸೋದು ಬರತ್ತೇನಪ್ಪಾ?" ಬರಲ್ಲ ಆಂಟಿ. ಕ್ಲಚ್ ಕಚ್ಚುವ ಜಾಗ ಕಾಲಿಗೆ ಗೊತ್ತಾಗಬೇಕು. ಈ ಪೆಡಲಿನೊಳಗೆ ಇರುವುದು ಬರೀ ಸ್ಪ್ರಿಂಗ್. ಫ್ಲೈಓವರಿನ ಏರಿನಲ್ಲಿ ಹಾಫ್ ಕ್ಲಚ್ ಮೇಲೆ ನಿಲ್ಲುವುದನ್ನು ಅದು ಕಲಿಸುವುದಿಲ್ಲ. ಮೇಲಾಗಿ ಗೇಮಿನ ಕಾರುಗಳಲ್ಲಿ ಬಹಳಷ್ಟು ಎಡಗಡೆ ಸ್ಟೀರಿಂಗಿನವು. ಗೇರ್ ಹಾಕುವ ಶಿಫ್ಟರ್ ಬೇರೆಯಾಗಿ ಕೊಂಡರೆ ಅದನ್ನು ಮೇಜಿನ ಎಡಕ್ಕೆ ಬಿಗಿದುಕೊಳ್ಳಬಹುದು, ನಮ್ಮ ಕಾರಿನ ಅಭ್ಯಾಸ ಅಷ್ಟಾದರೂ ಉಳಿಯುತ್ತದೆ. ಯೂರೋ ಟ್ರಕ್ ಸಿಮ್ಯುಲೇಟರ್ 2ರಲ್ಲಿ ಬಲಗಡೆ ಸ್ಟೀರಿಂಗಿನ ಲಾರಿ ಆರಿಸಿಕೊಂಡು ಬ್ರಿಟನ್ನಿನಲ್ಲಿ ಓಡಿಸಿದರೆ ರಸ್ತೆಯ ಎಡಬದಿಯೂ ಸಿಗುತ್ತದೆ. ಮಗನನ್ನು ರೇಸರ್ ಮಾಡಬೇಕು ಅಂತಿದ್ದರೆ ಕಾರ್ಟಿಂಗ್‌ಗೆ, ಅಂದರೆ ಪುಟ್ಟ ರೇಸ್ ಕಾರು ಓಡಿಸುವ ಟ್ರ್ಯಾಕಿಗೆ ಕರೆದುಕೊಂಡು ಹೋಗಿ. ನಮ್ಮ ಊರಿನ ರೇಸರ್‌ಗಳಾದ ಅರ್ಜುನ್ ಮೈನಿ, ಕುಶ್ ಮೈನಿ ಅಣ್ಣತಮ್ಮಂದಿರು ಶುರು ಮಾಡಿದ್ದೂ ಅಲ್ಲಿಂದಲೇ.

ಮಾಲ್‌ನ ಆರ್ಕೇಡಿನಲ್ಲಿ ಕೂತು ನೋಡಿ ನಿರ್ಧಾರ ಮಾಡಬೇಡಿ, ಆ ಸ್ಟೀರಿಂಗೇ ಬೇರೆ. ಅದು ಒಂದು ಸುತ್ತೂ ಪೂರ್ತಿ ತಿರುಗುವುದಿಲ್ಲ, ಜಿ29 ಎರಡೂವರೆ ಸುತ್ತು, ಅಂದರೆ 900 ಡಿಗ್ರಿ ತಿರುಗುತ್ತದೆ. ಅದರ ಬದಲು ಸೆಕೆಂಡ್ ಹ್ಯಾಂಡ್ ನೋಡಿ. ಹೊಸದಕ್ಕೆ ಮೂವತ್ತು ಸಾವಿರದ ಆಸುಪಾಸು ಆಗುವ ಸ್ಟೀರಿಂಗ್, ಅಟ್ಟ ಹತ್ತಿದ್ದು ಕಡಿಮೆಗೆ ಸಿಗುತ್ತದೆ. ಮಾರುವವರ ಮನೆಗೇ ಹೋಗಿ, ಲ್ಯಾಪ್‌ಟಾಪ್ ಜೊತೆಗಿರಲಿ. ಪ್ಲಗ್ ಹಾಕಿದ ಕೂಡಲೇ ಸ್ಟೀರಿಂಗ್ ತಾನೇ ಈ ತುದಿಯಿಂದ ಆ ತುದಿಗೆ ಸುತ್ತಿ ಮಧ್ಯಕ್ಕೆ ಬಂದು ನಿಲ್ಲಬೇಕು, ನಡುವೆ ಎಲ್ಲೂ ತಡವರಿಸಬಾರದು. ಆಮೇಲೆ ಸೆಟ್ಟಿಂಗ್ಸ್ ತೆರೆದು ಪೆಡಲ್‌ಗಳನ್ನು ಒಂದೊಂದಾಗಿ ನಿಧಾನಕ್ಕೆ ಒತ್ತಿ. ಪರದೆಯ ಮೇಲಿನ ಪಟ್ಟಿ ಕಾಲಿನ ಜೊತೆಗೇ ಏರಬೇಕು. ಹಾರಿ ಹಾರಿ ಏರಿದರೆ ಒಳಗೆ ಧೂಳು ಕೂತಿದೆ ಅಂತ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ, ಆದರೆ ಅದನ್ನು ಮಾರುವವರಿಗೆ ಹೇಳಬೇಡಿ, ಎರಡು ಸಾವಿರ ಇಳಿಸಿ ಕೇಳಿ.