ಕೋರ್ ಹೆಚ್ಚಿಸಿದರೂ ಸಿಮ್ಯುಲೇಶನ್ ಯಾಕೆ ಓಡುವುದಿಲ್ಲ?

"8 ಕೋರ್‌ನಲ್ಲಿ ಓಡುತ್ತಿದ್ದುದಕ್ಕೆ 512 ಕೋರ್ ಕೊಟ್ಟೆ, 64 ಪಟ್ಟು ವೇಗ ಎಲ್ಲಿ ಹೋಯಿತು?" ಲ್ಯಾಂಪ್ಸ್, ಗ್ರೊಮ್ಯಾಕ್ಸ್‌ನಂಥ ಪ್ರೋಗ್ರಾಂಗಳಲ್ಲಿ ಕಣಗಳ ಚಲನೆ ಲೆಕ್ಕ ಹಾಕಲು ಹೊರಟವರು ಬಹುಮಟ್ಟಿಗೆ ಎಲ್ಲರೂ ಇದನ್ನು ಕೇಳುತ್ತಾರೆ. ಬೈಗುಳ ಯಂತ್ರಕ್ಕೆ. ತಪ್ಪು ಸಾಮಾನ್ಯವಾಗಿ ಪ್ರತಿ ಕೋರ್‌ಗೆ ಹಂಚಿದ ತುಂಡಿನ ಅಳತೆಯಲ್ಲಿರುತ್ತದೆ.

ಕೋರ್‌ಗಳಿಗೆ, ಅಂದರೆ ಪ್ರೊಸೆಸರ್‌ನ ಲೆಕ್ಕ ಮಾಡುವ ಘಟಕಗಳಿಗೆ, ಈ ಪ್ರೋಗ್ರಾಂಗಳು ಹಂಚುವುದು ಕಣಗಳನ್ನಲ್ಲ, ಜಾಗವನ್ನು. ಕಣಗಳಿರುವ ಡಬ್ಬಿಯನ್ನು ಕತ್ತರಿಸಿ ಕೋರ್‌ಗೊಂದು ತುಂಡು. ಗಡಿಯಂಚಿನ ಕಣದ ಮೇಲೆ ಪಕ್ಕದ ತುಂಡಿನ ಕಣಗಳ ಬಲವೂ ಇರುವುದರಿಂದ, ಪ್ರತಿ ಕೋರ್ ತನ್ನ ಸುತ್ತಲಿನ ಒಂದು ಪದರದ ನಕಲು ಇಟ್ಟುಕೊಳ್ಳಲೇಬೇಕು. ಆ ನಕಲುಗಳೇ ಘೋಸ್ಟ್ ಕಣಗಳು. ಪದರದ ದಪ್ಪ ಕಟಾಫ್ (ಬಲ ಲೆಕ್ಕಕ್ಕೆ ತೆಗೆದುಕೊಳ್ಳುವ ಗರಿಷ್ಠ ದೂರ) ಮತ್ತು ಸ್ಕಿನ್ (ಅದರಾಚೆ ಇಟ್ಟುಕೊಳ್ಳುವ ಹೆಚ್ಚುವರಿ ಅಂಚು) ಸೇರಿದಷ್ಟು. ತುಂಡು ಎಷ್ಟು ಚಿಕ್ಕದಾದರೂ ಅದು ತೆಳ್ಳಗಾಗದು.

ಲೆಕ್ಕ ಹಾಕಿ ನೋಡಿ. ಲೆನಾರ್ಡ್-ಜೋನ್ಸ್ ದ್ರವ (ಸರಳ ಬಲಸೂತ್ರದ ಮಾದರಿ ದ್ರವ), 32,000 ಕಣ, ಸಾಂದ್ರತೆ ಘನ ಸಿಗ್ಮಾಕ್ಕೆ 0.8442 ಕಣ (ಸಿಗ್ಮಾ ಅಂದರೆ ಸುಮಾರು ಒಂದು ಕಣದ ವ್ಯಾಸ), ಕಟಾಫ್ 2.5 ಸಿಗ್ಮಾ, ಸ್ಕಿನ್ 0.3. ಡಬ್ಬಿಯ ಬದಿ ಸುಮಾರು 33.6 ಸಿಗ್ಮಾ. 8 ಕೋರ್‌ಗೆ ಹಂಚಿದರೆ ಒಂದೊಂದಕ್ಕೆ ಸ್ವಂತದ್ದು 4,000, ಘೋಸ್ಟ್ ಸುಮಾರು 5,500. 64ಕ್ಕೆ ಹಂಚಿದರೆ 500 ಮತ್ತು 1,800. 512ಕ್ಕೆ? ಸ್ವಂತದ್ದು 62, ಘೋಸ್ಟ್ 730! ಮನೆಮಂದಿಗಿಂತ ಹನ್ನೆರಡು ಪಟ್ಟು ನೆಂಟರು, ಅವರ ಸ್ಥಾನವನ್ನು ಲೆಕ್ಕದ ಪ್ರತಿ ಹೆಜ್ಜೆಯಲ್ಲೂ ತರಿಸಿಕೊಳ್ಳಬೇಕು. ಸುತ್ತ 26 ನೆರೆಯ ತುಂಡುಗಳಿದ್ದರೂ ಎಕ್ಸ್, ವೈ, ಜೆಡ್ ದಿಕ್ಕುಗಳಲ್ಲಿ ಸರದಿಯಂತೆ ಕಳಿಸಿದರೆ 6 ಸಂದೇಶ ಸಾಕು. ಮೂಲೆಯ ಕಣಗಳು ಹಿಂದಿನ ಸುತ್ತಿನ ಜೊತೆಗೇ ಬರುತ್ತವೆ. ಆದರೂ ಸಂದೇಶ ತಲುಪುವ ವಿಳಂಬ ತುಂಡು ಚಿಕ್ಕದಾಯಿತೆಂದು ಕಡಿಮೆಯಾಗದು.

ಸ್ಕಿನ್ ಇಳಿಸಿದರೆ ಘೋಸ್ಟ್ ಇಳಿಯುತ್ತದೆ, ನಿಜ. ಆಗ ಯಾವುದಾದರೊಂದು ಕಣ ಬೇಗನೆ ಅರ್ಧ ಸ್ಕಿನ್‌ನಷ್ಟು ಸರಿದುಬಿಡುತ್ತದೆ, ನೆರೆಪಟ್ಟಿಯನ್ನು (ಯಾವ ಕಣಕ್ಕೆ ಯಾವುವು ಹತ್ತಿರ ಎಂಬ ಪಟ್ಟಿ) ಪದೇ ಪದೇ ಕಟ್ಟಬೇಕಾಗುತ್ತದೆ. ಈ ಖರ್ಚು ಉಳಿಸಲು ಪಟ್ಟಿ ಕಟ್ಟುವುದನ್ನೇ ತಡ ಮಾಡುವವರಿದ್ದಾರೆ. ಲ್ಯಾಂಪ್ಸ್ ಲಾಗ್‌ನ (ಓಟದ ವರದಿ ಕಡತ) ಕೊನೆಯಲ್ಲಿ 'ಡೇಂಜರಸ್ ಬಿಲ್ಡ್ಸ್' (ಪಟ್ಟಿ ತಡವಾಗಿ ಕಟ್ಟಿರಬಹುದಾದ ಸಲಗಳ ಎಣಿಕೆ) ಸೊನ್ನೆಯಿಲ್ಲದಿದ್ದರೆ ಆ ಫಲಿತಾಂಶವನ್ನು ನಂಬಬೇಡಿ: ಕೆಲವು ಜೋಡಿಗಳ ಬಲ ಲೆಕ್ಕದಿಂದಲೇ ಬಿಟ್ಟುಹೋಗಿರಬಹುದು.

ವಿದ್ಯುದಾವೇಶವಿದ್ದರೆ ಕಷ್ಟ ಇನ್ನೂ ಹೆಚ್ಚು. ದೂರದ ವಿದ್ಯುತ್ ಬಲಗಳನ್ನು ಲೆಕ್ಕ ಹಾಕುವ ಪಿಎಂಇ ವಿಧಾನದ ಮೂರು ಆಯಾಮದ ಎಫ್‌ಎಫ್‌ಟಿಯಲ್ಲಿ (ಫೋರಿಯರ್ ಪರಿವರ್ತನೆಯ ಲೆಕ್ಕ) ಮಾತುಕತೆ ನೆರೆಯವರೊಂದಿಗೆ ಮುಗಿಯುವುದಿಲ್ಲ. ಅದಕ್ಕೇ ಗ್ರೊಮ್ಯಾಕ್ಸ್ ಆ ಕೆಲಸಕ್ಕೆ ಕೆಲವು ಪ್ರೊಸೆಸ್‌ಗಳನ್ನು ಬೇರೆಯಾಗಿಯೇ ಎತ್ತಿಡಬಲ್ಲದು.

8, 16, 32 ಎಂದು ಏರಿಸುತ್ತ ಒಂದೊಂದು ಸಾವಿರ ಹೆಜ್ಜೆ ಓಡಿಸಿ, ಲ್ಯಾಂಪ್ಸ್ ಲಾಗ್‌ನಲ್ಲಿ 'ಪೇರ್' (ಜೋಡಿಬಲಗಳ ಲೆಕ್ಕ) ಮತ್ತು 'ಕಾಮ್' (ಕೋರ್‌ಗಳ ನಡುವಿನ ಸಂದೇಶ) ಸಮಯ ಹೋಲಿಸಿ. ಕಾಮ್ ಮೇಲಾದ ಕಡೆ ಒಂದು ಮೆಟ್ಟಿಲು ಕೆಳಗಿಳಿಯಿರಿ. ನಿರ್ವಾತದಲ್ಲಿ ತೇಲುವ ಹನಿಯಂಥದ್ದಾದರೆ ಮೊದಲು ಕೆಲಸವನ್ನು ಸಮನಾಗಿ ಹಂಚುವ 'ಬ್ಯಾಲೆನ್ಸ್' ಆದೇಶ ಕೊಡಿ. ಇಲ್ಲದಿದ್ದರೆ ಖಾಲಿ ತುಂಡು ಹಿಡಿದ ಕೋರ್‌ಗಳು ಕಾಯುವ ಸಮಯವೂ ಕಾಮ್ ಲೆಕ್ಕಕ್ಕೇ ಸೇರಿ ದಾರಿ ತಪ್ಪಿಸುತ್ತದೆ.